ಹಳೆಯ ಕೋವಿಯ ನಳಿಗೆಗೆ ಬೆಸುಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಹಳೆಯ ಕಾಲದ ಕೋವಿಗಳಿಂದ ಗುರಿ ಹೊಡೆಯುವ ಹವ್ಯಾಸವನ್ನು ಕುರಿತು ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಈಚೆಗೆ ಪ್ರಕಟವಾದ ಪತ್ರವನ್ನು ನಾನು ಎರಡು ಸಲ ಓದಿದೆ. ಅಂಥ ಕೋವಿಗಳು ಇನ್ನು ಯಾರ ಕೈಯಲ್ಲೂ ಸಿಡಿಯಬಾರದು, ಅವುಗಳ ನಳಿಗೆಗೆ ಬೆಸುಗೆ ಹಾಕಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಬಿಡುವುದೇ ಕ್ಷೇಮ ಎಂಬುದು ಆ ಪತ್ರದ ತಾತ್ಪರ್ಯ. ಬರೆದವರ ಕಳಕಳಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಂದೂಕೆಂದರೆ ಪ್ರಾಣ ತೆಗೆಯುವ ಸಾಧನ ಎಂಬ ಭಾವನೆ ಮನಸ್ಸಿನಲ್ಲಿ ಬೇರೂರಿದವರಿಗೆ, ಅದನ್ನೇ ಹವ್ಯಾಸವಾಗಿ ಕೈಗೆತ್ತಿಕೊಂಡವರ ಮಾತು ತಟ್ಟನೆ ಒಪ್ಪಿಗೆಯಾಗುವುದು ಕಷ್ಟವೇ ಸರಿ. ಆದರೂ ಹಲವು ವರ್ಷಗಳಿಂದ ಕಾಗದದ ಗುರಿಹಲಗೆಯ ಎದುರು ನಿಂತು, ನನಗಿಂತ ವಯಸ್ಸಿನಲ್ಲಿ ಎಷ್ಟೋ ಹಿರಿದಾದ ಕೋವಿಗಳಿಂದ ಈಡು ಹೊಡೆಯುವುದನ್ನು ಕಲಿತವನಾಗಿ, ಆ ಪತ್ರದ ಒಂದು ಮಾತು ಪೂರ್ತಿ ತಪ್ಪಾಗಿದೆ, ಇನ್ನೊಂದು ಮಾತು ಅರ್ಧ ಮಾತ್ರ ಸರಿಯಾಗಿದೆ ಎಂದು ನನಗೆ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಈ ಹವ್ಯಾಸ ಅವಸರದ, ಅಬ್ಬರದ ಚಟ ಎಂಬುದು ತಪ್ಪಾದ ಮಾತು. ಹಳೆಯ ಕೋವಿಗಳು ಅಪಾಯಕಾರಿ ಎಂಬುದು ಅರ್ಧ ಸರಿಯಾದ ಮಾತು.

ಅಬ್ಬರದ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು (ಪೆಟ್ಟು ಬಿದ್ದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿಯೇ ಕೇಪು) ಹಿಡಿದು ರೇಂಜಿನಲ್ಲಿ, ಎಂದರೆ ಗುರಿ ಹೊಡೆಯುವ ಮೈದಾನದಲ್ಲಿ, ನಿಂತವನು ಒಂದೇ ಒಂದು ಈಡು ಹೊಡೆಯಲು ಏನೇನು ಮಾಡಬೇಕು ಎಂಬುದನ್ನು ಹತ್ತಿರದಿಂದ ನೋಡಿದವರು ಆ ಪದವನ್ನು ಬಳಸಲಾರರು. ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರನ್ನು ಸುಮಾರು 75, 15, 10ರ ಪಾಲಿನಲ್ಲಿ ಬೆರೆಸಿ ಮಾಡಿದ ಕರಿಮದ್ದನ್ನು ಚಿಕ್ಕದೊಂದು ಅಳತೆಯ ಕೊಳವೆಗೆ ಸುರಿದುಕೊಂಡು, ಅದನ್ನು ನಳಿಗೆಗೆ ಹಾಕಬೇಕು. ಎಣ್ಣೆಯೋ ಕೊಬ್ಬೋ ಸವರಿದ ಹತ್ತಿಬಟ್ಟೆಯ ಚೂರನ್ನು ನಳಿಗೆಯ ಬಾಯಿಗೆ ಹಾಸಿ, ಅದರ ಮೇಲೆ ಸೀಸದ ಗುಂಡನ್ನಿಟ್ಟು, ಮೊದಲು ಗಿಡ್ಡ ಕೋಲಿನಿಂದ ಒಂದಿಷ್ಟು ಕೆಳಗಿಳಿಸಿ, ಆಮೇಲೆ ಗಜ ಎಂಬ ಉದ್ದ ಕೋಲಿನಿಂದ ಒಂದೇ ಹದದ ಒತ್ತಡದಲ್ಲಿ ಮದ್ದಿನ ಮೇಲೆ ಕೂರುವ ತನಕ ತಳ್ಳಬೇಕು. ಗುಂಡು ಸರಿಯಾಗಿ ಕೂತಿದೆಯೇ ಎಂದು ಗಜದ ಮೇಲೆ ಗೀರಿಕೊಂಡ ಗುರುತನ್ನು ನೋಡಿ ಖಾತರಿ ಮಾಡಿಕೊಳ್ಳಬೇಕು. ಇಷ್ಟಾದ ಮೇಲೆ ಕೋವಿಯನ್ನು ಗುರಿಯ ಕಡೆಗೆ ತಿರುಗಿಸಿ, ಕುದುರೆಯನ್ನು, ಎಂದರೆ ಕೇಪಿಗೆ ಬಡಿಯುವ ಸುತ್ತಿಗೆಯನ್ನು, ಅರ್ಧ ಎತ್ತಿ, ನಳಿಗೆಯ ಬುಡದಲ್ಲಿರುವ ಮೊಲೆ ಎಂಬ ಪುಟ್ಟ ಕೊಳವೆಯ ಮೇಲೆ ಕೇಪು ಕೂರಿಸಿ, ನಂತರ ಪೂರ್ತಿ ಎತ್ತಬೇಕು. ಅಲ್ಲಿಗೆ ಒಂದು ಈಡಿನ ಸಿದ್ಧತೆ ಮುಗಿಯುತ್ತದೆ. ಕೋವಿ ಸಿಡಿದ ಮೇಲೆ ಬಿಳಿಯ ದಟ್ಟ ಹೊಗೆ ಎದುರಿಗೆ ನಿಂತು, ಗುಂಡು ಎಲ್ಲಿಗೆ ಬಿತ್ತೆಂಬುದು ಕೆಲವು ಕ್ಷಣ ಕಾಣುವುದೇ ಇಲ್ಲ. ಗಾಳಿಯಿಲ್ಲದ ಬೆಳಗಿನಲ್ಲಿ ಆ ಹೊಗೆ ಕರಗುವುದನ್ನು ಕಾಯುತ್ತ, ಮೂಗಿಗೆ ಅಡರುವ ಗಂಧಕದ ವಾಸನೆಯಲ್ಲಿ ನಿಂತಿರುವ ಆ ಹೊತ್ತು ನನ್ನ ವಾರದಲ್ಲೆಲ್ಲ ಅತ್ಯಂತ ನಿಶ್ಶಬ್ದವಾದ ಹೊತ್ತು ಎಂದು ಹೇಳಿದರೆ ಕೆಲವರಿಗೆ ವಿಚಿತ್ರವೆನ್ನಿಸಬಹುದು, ಆದರೆ ಅದು ನಿಜ.

ಬಾಯಿಯಿಂದ ಮದ್ದು ತುಂಬುವ ಕೋವಿಗಳ ಅಂತಾರಾಷ್ಟ್ರೀಯ ಸ್ಪರ್ಧೆಗಳನ್ನು ನಡೆಸುವ ಎಂಎಲ್‌ಎಐಸಿ ಎಂಬ ಸಂಸ್ಥೆ 1971ರಿಂದ ಇದೆ. ಅದರ ನಿಯಮದ ಪ್ರಕಾರ ಸ್ಪರ್ಧಿಗೆ 30 ನಿಮಿಷಗಳಲ್ಲಿ 13 ಈಡುಗಳು. ಅವುಗಳಲ್ಲಿ ಉತ್ತಮವಾದ 10 ಮಾತ್ರ ಲೆಕ್ಕಕ್ಕೆ ಬರುತ್ತವೆ. ಒಂದು ಈಡಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಕಾಲ ಕೊಡುವ ಆಟವನ್ನು ಅವಸರದ ಆಟವೆನ್ನಲು ಬರುವುದಿಲ್ಲ. ಆ ಸ್ಪರ್ಧೆಗಳ ಹೆಸರುಗಳೇ ಕೋವಿಯ ಚರಿತ್ರೆಯನ್ನು ಹೇಳುತ್ತವೆ. ಉರಿಯುವ ಬತ್ತಿಯಿಂದ ಮದ್ದಿಗೆ ಬೆಂಕಿ ಕೊಡುವ ಜಾಮಗಿ ಕೋವಿಯ ಸ್ಪರ್ಧೆಗೆ ತಾನೆಗಾಶಿಮಾ ಎಂಬ ಹೆಸರಿದೆ. 1543ರಲ್ಲಿ ಪೋರ್ಚುಗೀಸರ ಮೂಲಕ ಜಪಾನಿಗೆ ಕೋವಿ ಬಂದಿಳಿದ ದ್ವೀಪ ಅದು. ಇನ್ನೊಂದಕ್ಕೆ ಹೊಸ ಬಗೆಯ ಗುಂಡು ರೂಪಿಸಿದ ಫ್ರೆಂಚ್ ಸೇನಾಧಿಕಾರಿ ಮಿನಿಯೆಯ ಹೆಸರು, ಮತ್ತೊಂದಕ್ಕೆ ರೈಫಲ್ ರೂಪಿಸಿದ ಇಂಗ್ಲಿಷ್ ಎಂಜಿನಿಯರ್ ವಿಟ್‌ವರ್ತ್ ಹೆಸರು. ಮೂಲ ಕೋವಿಗಳಿಗೆ ಒಂದು ವರ್ಗ, ಹಳೆಯ ಮಾದರಿಯಲ್ಲಿ ಹೊಸದಾಗಿ ತಯಾರಿಸಿದವುಗಳಿಗೆ ಇನ್ನೊಂದು ವರ್ಗ ಎಂಬ ವಿಂಗಡಣೆಯೂ ಅಲ್ಲಿದೆ. ಮೂಲ ಕೋವಿಗೆ ವಿಶ್ರಾಂತಿ ಕೊಡಬೇಕೆನ್ನುವವನು ಪ್ರತಿಕೃತಿಯಿಂದ ಆಡಬಹುದು. ನನ್ನ ಮಟ್ಟಿಗೆ ಹೊಸಬರು ಪ್ರತಿಕೃತಿಯಿಂದಲೇ ಆರಂಭಿಸುವುದು ಒಳ್ಳೆಯದು.

ಹಳೆಯ ಕೋವಿಯೇ ಯಾಕೆ, ಇಂದಿನ ಕರಾರುವಾಕ್ಕಾದ ಸ್ಪರ್ಧಾ ರೈಫಲ್ಲುಗಳಿಲ್ಲವೇ ಎಂದು ಕೇಳುವವರಿದ್ದಾರೆ. ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಹಳೆಯ ಕೋವಿ ಹೊಡೆಯುವವನ ತಪ್ಪನ್ನು ಎತ್ತಿ ತೋರಿಸುವಷ್ಟು ಸ್ಪಷ್ಟವಾಗಿ ಇಂದಿನ ಉಪಕರಣ ತೋರಿಸುವುದಿಲ್ಲ. ಚಕಮಕಿ ಕೋವಿಯನ್ನೇ ನೋಡಿ: ಬಿಲ್ಲನ್ನು (ಟ್ರಿಗರ್) ಬೆರಳಿನಿಂದ ಎಳೆದಾಗ ಚಕಮಕಿ ಕಲ್ಲು ಉಕ್ಕಿನ ತಗಡಿಗೆ ಉಜ್ಜಿ ಕಿಡಿ ಹಾರುತ್ತದೆ, ಕಿಡಿ ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಪುಡಿಮದ್ದಿಗೆ ಬೀಳುತ್ತದೆ, ಅದು ಭಗ್ಗನೆ ಹೊತ್ತಿ ಪಕ್ಕದ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದಿಗೆ ಬೆಂಕಿ ತಾಗಿಸುತ್ತದೆ, ಆಮೇಲೆ ಗುಂಡು ಹೊರಡುತ್ತದೆ. ಕಣ್ಣಿನ ಪಕ್ಕದಲ್ಲೇ ಬೆಂಕಿ ಹೊತ್ತಿದ್ದು ಗೊತ್ತಾಗಿ, ಗುಂಡು ಇನ್ನೂ ನಳಿಗೆಯಲ್ಲೇ ಇದೆ ಎನ್ನುವ ಆ ಚಿಕ್ಕ ಅವಧಿಯಲ್ಲಿ ಒಂದಿಷ್ಟೂ ಅಲುಗದೆ ಗುರಿಯನ್ನು ಹಿಡಿದಿರಬೇಕು. ಮುಖ ಹಿಂದೆ ಸರಿದರೆ, ರೆಪ್ಪೆ ಮುಚ್ಚಿದರೆ, ಭುಜ ಬಿಗಿದರೆ, ಕಾಗದದ ಮೇಲಿನ ತೂತು ಅದನ್ನು ಹೇಳಿಬಿಡುತ್ತದೆ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್ 1807ರಲ್ಲಿ ಪೆಟ್ಟು ಬಿದ್ದೊಡನೆ ಹೊತ್ತಿಕೊಳ್ಳುವ ರಾಸಾಯನಿಕದಿಂದ ಮದ್ದಿಗೆ ಕಿಡಿ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದದ್ದೇ ಈ ತಡವನ್ನೂ ಬಟ್ಟಲಿನ ಬೆಳಕನ್ನೂ ನೀಗಿಸುವ ಪ್ರಯತ್ನದಿಂದ. ಬೆಳಕು ಕಂಡೊಡನೆ ನೀರುಹಕ್ಕಿಗಳು ತಪ್ಪಿಸಿಕೊಳ್ಳುತ್ತಿದ್ದುದು ಅವರನ್ನು ಕಾಡಿತ್ತು. ಕೇಪಿನ ಕೋವಿ ಬಂದದ್ದು ಆ ದಾರಿಯಲ್ಲಿ. ಇದನ್ನು ಪುಸ್ತಕದಲ್ಲಿ ಓದುವುದಕ್ಕೂ, ಬೆಳಗ್ಗೆ ಚಕಮಕಿ ಕೋವಿಯಲ್ಲಿ ಹತ್ತು ಈಡು ಹೊಡೆದು ಮಧ್ಯಾಹ್ನ ಕೇಪಿನ ಕೋವಿಯಲ್ಲಿ ಹತ್ತು ಈಡು ಹೊಡೆದು ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದಕ್ಕೂ ಅಜಗಜಾಂತರವಿದೆ.

ತೆರೆದ ಗುರಿಕಟ್ಟಿನ, ಎಂದರೆ ಮಸೂರವಿಲ್ಲದೆ ಬರಿಗಣ್ಣಿನಿಂದ ಗುರಿ ಹಿಡಿಯಲು ನಳಿಗೆಯ ಮೇಲಿರುವ ಗುರುತುಗಳ, ವಿಷಯವೂ ಹಾಗೆಯೇ. ಹಿಂದಿನ ಗೀಟು, ಮುಂದಿನ ಮೊಳೆ, ದೂರದ ಕಪ್ಪು ವೃತ್ತ ಈ ಮೂರನ್ನೂ ಕಣ್ಣು ಏಕಕಾಲಕ್ಕೆ ಸ್ಪಷ್ಟವಾಗಿ ಕಾಣಲಾರದು. ಮುಂದಿನ ಮೊಳೆಯನ್ನು ಸ್ಪಷ್ಟವಾಗಿ ಹಿಡಿದು, ಗುರಿ ಮಸುಕಾದರೂ ಸರಿ ಎಂದು ಬಿಟ್ಟುಬಿಡುವುದನ್ನು ಕಲಿಯುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಹೊಡೆಯಬೇಕಾದದ್ದನ್ನೇ ಮಸುಕಾಗಿ ನೋಡು ಎಂದರೆ ಮನಸ್ಸು ಸುಲಭಕ್ಕೆ ಒಪ್ಪುವುದಿಲ್ಲ.

ಈ ಆಟ ಕೋವಿಗಳು ಹಳತಾದ ಮೇಲೆ ಹುಟ್ಟಿಕೊಂಡದ್ದಲ್ಲ ಎಂಬುದನ್ನೂ ಓದುಗರ ಗಮನಕ್ಕೆ ತರಬೇಕು. ಬ್ರಿಟನ್ನಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1859ರಲ್ಲಿ ಸ್ಥಾಪನೆಯಾಯಿತು. ಮರುವರ್ಷ ಜುಲೈನಲ್ಲಿ ವಿಂಬಲ್ಡನ್ನಿನ ಬಯಲಿನಲ್ಲಿ ನಡೆದ ಅದರ ಮೊದಲ ಸ್ಪರ್ಧಾಕೂಟಕ್ಕೆ ಚಾಲನೆ ಕೊಟ್ಟವರು ವಿಕ್ಟೋರಿಯಾ ರಾಣಿ. ಆಸರೆಗೆ ಬಿಗಿದಿಟ್ಟ ವಿಟ್‌ವರ್ತ್ ರೈಫಲ್ಲಿನ ಬಿಲ್ಲಿಗೆ ಕಟ್ಟಿದ ರೇಷ್ಮೆ ದಾರವನ್ನು ಅವರು ಎಳೆದಾಗ, 400 ಗಜ ದೂರದ ಗುರಿಯಲ್ಲಿ ನಟ್ಟನಡುವಿನಿಂದ ಒಂದೂಕಾಲು ಅಂಗುಲದಷ್ಟೇ ಆಚೆಗೆ ಗುಂಡು ಬಿದ್ದಿತ್ತು. ಆ ಕೂಟ 1890ರಲ್ಲಿ ಬಿಸ್ಲಿಗೆ ಸ್ಥಳಾಂತರವಾಗಿ ಇಂದಿಗೂ ಅಲ್ಲೇ ನಡೆಯುತ್ತಿದೆ. ಇವುಗಳಿಗಿಂತ ನನಗೆ ಪ್ರಿಯವಾದದ್ದು 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ರೇಂಜಿನಲ್ಲಿ ನಡೆದ ಪಂದ್ಯದ ಕಥೆ. ಐರ್ಲೆಂಡಿನ ಆರು ಮಂದಿ ಬಾಯಿಯಿಂದ ತುಂಬುವ ರಿಗ್ಬಿ ರೈಫಲ್ಲುಗಳನ್ನು ಹಿಡಿದು ಬಂದಿದ್ದರು. ಅಮೆರಿಕದ ಆರು ಮಂದಿಯ ಕೈಯಲ್ಲಿ ಹಿಂದಿನಿಂದ ತೋಟಾ ತುಂಬುವ ರೆಮಿಂಗ್ಟನ್ ಮತ್ತು ಶಾರ್ಪ್ಸ್ ರೈಫಲ್ಲುಗಳಿದ್ದವು. 800, 900 ಮತ್ತು 1000 ಗಜ ದೂರಗಳಲ್ಲಿ ತಲಾ 15 ಈಡುಗಳು. ಗುರಿಹಲಗೆಯ ನಡುವಿನ ಕಪ್ಪು ಭಾಗಕ್ಕೆ ಬಿದ್ದರೆ 4 ಅಂಕ. ಐರಿಷ್ ತಂಡದ ಮಿಲ್ನರ್ ಎಂಬಾತ ಒಂದು ಈಡನ್ನು ನೇರವಾಗಿ ಕಪ್ಪಿಗೇ ಹೊಡೆದ, ಆದರೆ ಪಕ್ಕದ ಗುರಿಹಲಗೆಯ ಕಪ್ಪಿಗೆ, ಅದು ಸೊನ್ನೆಯಾಯಿತು. ಕೊನೆಗೆ ಐರಿಷರ ಮೊತ್ತ 931, ಅಮೆರಿಕನ್ನರ ಮೊತ್ತ 930, ಉಳಿದದ್ದು ಒಂದೇ ಈಡು. ಅದನ್ನು ಹೊಡೆಯಬೇಕಾಗಿದ್ದ ಜಾನ್ ಬೋಡೈನ್ ಕೈಯಲ್ಲಿ ಸ್ವಲ್ಪ ಮುಂಚೆ ಶುಂಠಿ ಪಾನೀಯದ ಬಾಟಲಿ ಒಡೆದು ರಕ್ತ ಸುರಿಯುತ್ತಿತ್ತು. ಗಾಯಕ್ಕೆ ಕರವಸ್ತ್ರ ಸುತ್ತಿಕೊಂಡೇ ಅವರು 1000 ಗಜ ದೂರದ ಕಪ್ಪಿಗೆ ಗುಂಡು ಕೂರಿಸಿದರು. 934ಕ್ಕೆ 931ರಲ್ಲಿ ಪಂದ್ಯ ಮುಗಿಯಿತು. ಮಿಲ್ನರ್ ತನ್ನ ಗುರಿಹಲಗೆಯನ್ನೇ ನೋಡಿಕೊಂಡಿದ್ದರೆ ಐರಿಷರಿಗೆ 935 ಆಗುತ್ತಿತ್ತು. ನಾನು ಇಂದಿಗೂ ಪ್ರತಿ ಈಡಿಗೆ ಮುಂಚೆ ನನ್ನ ಗುರಿಯ ಅಂಕಿಯನ್ನು ಮನಸ್ಸಿನಲ್ಲೇ ಓದಿಕೊಳ್ಳುವುದು ಆ ಒಬ್ಬ ಮನುಷ್ಯನ ನೆನಪಿನಿಂದ.

ಆ ಪತ್ರದಲ್ಲಿ ಸೈನ್ಯದ ಹಳೆಯ ರೈಫಲ್ಲುಗಳ ಬಗ್ಗೆ ವಿಶೇಷವಾದ ಆಕ್ಷೇಪವಿತ್ತು: ಯುದ್ಧಕ್ಕೆಂದು ಹುಟ್ಟಿದ್ದನ್ನು ಆಟಕ್ಕೆ ಬಳಸುವುದು ಸತ್ತವರಿಗೆ ಮಾಡುವ ಅಗೌರವ ಎಂದು. ಈ ಮಾತು ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು. ಜನಸಾಮಾನ್ಯರು ತ್ರೀ ನಾಟ್ ತ್ರೀ ಎಂದೇ ಕರೆಯುವ ಲೀ-ಎನ್‌ಫೀಲ್ಡ್, ಪಾಲ್ ಮೌಸರ್ ರೂಪಿಸಿದ 1898ರ ಜರ್ಮನ್ ರೈಫಲ್, 1891ರ ಮೊಸಿನ್-ನಾಗಾಂತ್, 1936ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಗರಾಂಡ್, ಇವೆಲ್ಲ ಯಾವ ಕೆಲಸಕ್ಕೆ ಹುಟ್ಟಿದವು ಎಂಬುದನ್ನು ಈ ಹವ್ಯಾಸದಲ್ಲಿರುವ ಯಾರೂ ಮರೆಯಲು ಸಾಧ್ಯವಿಲ್ಲ. ಕೋವಿಯೇ ಅದನ್ನು ಮರೆಯಲು ಬಿಡುವುದಿಲ್ಲ. ಒಂದನೆಯ ಮಹಾಯುದ್ಧದ ಕಾಲದ ಮೌಸರಿನ ಹಿಂದಿನ ಗುರಿಕಟ್ಟಿನಲ್ಲಿ ಅತ್ಯಂತ ಕೆಳಗಿನ ಗುರುತು 400 ಮೀಟರಿನದು. 100 ಮೀಟರಿನ ಕಾಗದಕ್ಕೆ ಅದರಿಂದ ನೇರವಾಗಿ ಗುರಿಯಿಟ್ಟರೆ ಗುಂಡು ಗೇಣಿಗಿಂತಲೂ ಮೇಲೆ ಬೀಳುತ್ತದೆ. ಕಾಗದದ ತೀರಾ ಕೆಳಗೆ ಗುರಿಯಿಡಬೇಕಾಗಿ ಬಂದಾಗ, ಆ ಗುರುತನ್ನು ಕೊರೆದವರ ಮನಸ್ಸಿನಲ್ಲಿ ಯಾವ ಬಯಲು ಇತ್ತು, ಆ ಬಯಲಿನಲ್ಲಿ ಯಾರು ಓಡಿಬರುತ್ತಿದ್ದರು ಎಂಬುದು ಎದೆಗೆ ತಾಗುತ್ತದೆ. ಸ್ವಿಟ್ಜರ್ಲೆಂಡಿನ ಕೆ-31 ರೈಫಲ್ಲಿನ ಹಿಡಿಯ ಕೊನೆಯಲ್ಲಿರುವ ಉಕ್ಕಿನ ತಗಡನ್ನು ಬಿಚ್ಚಿದರೆ, ಎಷ್ಟೋ ಕೋವಿಗಳಲ್ಲಿ ಅದನ್ನು ಹೊತ್ತಿದ್ದ ಸೈನಿಕನ ಹೆಸರಿರುವ ಸಣ್ಣ ಚೀಟಿ ಮಡಿಸಿಟ್ಟಂತೆ ಸಿಗುತ್ತದೆ. ಸ್ವೀಡನ್ನಿನ ಮೌಸರುಗಳ ಹಿಡಿಯಲ್ಲಿ ಹಿತ್ತಾಳೆಯ ಬಿಲ್ಲೆಯೊಂದು ಇರುತ್ತದೆ. ನಳಿಗೆ ಒಳಗೆ ಎಷ್ಟು ಸವೆದಿದೆ ಎಂಬುದನ್ನು ಆಯುಧಶಾಲೆಯವರು ಅದರ ಮೇಲೆ ಗುರುತು ಹಾಕಿ ತಿಳಿಸುತ್ತಿದ್ದರು. ಇಂಥದ್ದನ್ನು ಕೈಯಲ್ಲಿ ಹಿಡಿದು, ಜೀವವಿಲ್ಲದ ಕಾಗದದ ಮೇಲೆ ಮಾತ್ರ ಗುರಿಯಿಟ್ಟು, ಸಂಜೆ ಒರೆಸಿ ಜೋಪಾನವಾಗಿ ಇಡುವವನು ಸತ್ತವರನ್ನು ಅಗೌರವಿಸುತ್ತಿದ್ದಾನೆಂದು ನನಗೆ ಅನ್ನಿಸುವುದಿಲ್ಲ. ಯಾವ ಕೋವಿಯೂ ಇನ್ನು ಕಾಗದವನ್ನಲ್ಲದೆ ಬೇರೇನನ್ನೂ ಹೊಡೆಯದಿರಲಿ ಎಂದೇ ನಾನೂ ಹಾರೈಸುತ್ತೇನೆ.

ಈಗ ಅರ್ಧ ಸರಿಯಾದ ಮಾತಿಗೆ ಬರುತ್ತೇನೆ. ಹಳೆಯ ಕೋವಿಗಳಲ್ಲಿ ಕೆಲವನ್ನು ಎಂದಿಗೂ ಸಿಡಿಸಬಾರದು. ಈ ವಿಷಯದಲ್ಲಿ ಆ ಓದುಗರ ಜೊತೆ ನಾನು ಪೂರ್ತಿ ನಿಲ್ಲುತ್ತೇನೆ, ಮತ್ತು ನಮ್ಮಲ್ಲೇ ಕೆಲವರು ಇದನ್ನು ಉಪೇಕ್ಷೆ ಮಾಡುವುದನ್ನು ಕಂಡು ನೊಂದಿದ್ದೇನೆ. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ ನೋಡುವುದಕ್ಕೆ ಬಲು ಗಟ್ಟಿ. ಆದರೆ ಆರಂಭದ ವರ್ಷಗಳಲ್ಲಿ ಅದರ ಉಕ್ಕಿನ ಕಾಯವನ್ನು ಕುಲುಮೆಯಲ್ಲಿ ಕಾಯಿಸುವಾಗ ಕಾವು ಎಷ್ಟಾಯಿತೆಂಬುದನ್ನು ಕೆಲಸಗಾರರು ಉಕ್ಕಿನ ಬಣ್ಣ ನೋಡಿ ಕಣ್ಣಂದಾಜಿನಲ್ಲೇ ನಿರ್ಧರಿಸುತ್ತಿದ್ದರು. ಬಿಸಿಲು ಪ್ರಖರವಾಗಿದ್ದ ದಿನ ಕೆಂಪು ಕಡಿಮೆ ಕಂಡು, ಉಕ್ಕು ಬೇಕಾದ್ದಕ್ಕಿಂತ ಹೆಚ್ಚು ಕಾಯ್ದು, ಗಾಜಿನಂತೆ ಪೆಡಸಾಗಿಬಿಡುತ್ತಿತ್ತು. ಅವುಗಳಲ್ಲಿ ಕೆಲವು ಸಿಡಿದು ಚೂರಾದ ಮೇಲೆ ವಿಧಾನವನ್ನು ಬದಲಿಸಿದರು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ಕ್ರಮಸಂಖ್ಯೆಯ ರೈಫಲ್ಲುಗಳನ್ನು ಸಿಡಿಸಬಾರದೆಂದು ಬಲ್ಲವರು ಇಂದಿಗೂ ಹೇಳುವುದು ಇದೇ ಕಾರಣಕ್ಕೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯ ಕೋವಿಗಳು ಕಣ್ಣಿಗೆ ಹಬ್ಬ. ಆದರೆ ಅವು ಕರಿಮದ್ದಿನ ಕಾಲದವು, ಇಂದಿನ ಹೊಗೆರಹಿತ ಮದ್ದಿನ ತೋಟಾಗಳಿಗೆ ಒಡ್ಡಬೇಕಾದವಲ್ಲ. ಮೌಸರಿನ 7.92 ಮಿಲಿಮೀಟರಿನ ತೋಟಾದಲ್ಲೂ ಒಂದು ಬಲೆಯಿದೆ: ಹಳೆಯ ನಳಿಗೆಗಳಿಗೆಂದು ಮಾಡಿದ ಗುಂಡಿನ ವ್ಯಾಸ ಸುಮಾರು 8.08 ಮಿಲಿಮೀಟರ್, ನಂತರ ಬಂದದ್ದರ ವ್ಯಾಸ ಸುಮಾರು 8.20. ವ್ಯತ್ಯಾಸ ಉಗುರಿನ ದಪ್ಪಕ್ಕಿಂತಲೂ ಕಡಿಮೆ, ಆದರೆ ಹಳೆಯ ನಳಿಗೆಯಲ್ಲಿ ಹೊಸ ಗುಂಡನ್ನು ಹೊಡೆದರೆ ಒತ್ತಡ ಅಪಾಯದ ಗೆರೆ ದಾಟುತ್ತದೆ. ತೋಟಾ ನಳಿಗೆಯ ಹಿಂಬದಿಯ ಕೋಣೆಗೆ ಹಿಡಿಯಿತೆಂದ ಮಾತ್ರಕ್ಕೆ ಅದು ಆ ಕೋವಿಯದಾಗುವುದಿಲ್ಲ.

ಆದ್ದರಿಂದ ಕೈಗೆ ಬಂದ ಹಳೆಯ ಕೋವಿಯನ್ನು, ಅದು ಎಷ್ಟೇ ಚೆನ್ನಾಗಿ ಕಾಣಲಿ, ತಿಳಿದ ಕೋವಿ ಕಮ್ಮಾರರೊಬ್ಬರು ಬಿಚ್ಚಿ ನೋಡಿ, ತೋಟಾ ಕೂರುವ ಕೋಣೆಯ ಆಳವನ್ನು ಅಳತೆಗೋಲಿನಿಂದ ಪರೀಕ್ಷಿಸಿ, ನಳಿಗೆಯ ಒಳಗಿನ ವ್ಯಾಸ ತೆಗೆದು, ಸೈ ಎನ್ನುವ ತನಕ ಒಂದು ಈಡನ್ನೂ ಹೊಡೆಯಬಾರದು. ಅನುಮಾನ ಉಳಿದರೆ ಆ ಕೋವಿ ಗೋಡೆಗೇ ಇರಲಿ.

ಬಾಯಿಯಿಂದ ತುಂಬುವ ಕೋವಿಗಳಲ್ಲಿ ಅಪಘಾತವಾಗುವುದು ಹೆಚ್ಚಾಗಿ ಕೋವಿಯ ವಯಸ್ಸಿನಿಂದಲ್ಲ, ಹಿಡಿದವನ ಮರೆವಿನಿಂದ. ಮದ್ದಿನ ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿಯಬಾರದೆಂಬ ನಿಯಮ ಮೊದಲ ದಿನವೇ ಕಿವಿಗೆ ಬೀಳುತ್ತದೆ. ಹಿಂದಿನ ಈಡಿನ ಕಿಡಿಯೊಂದು ಒಳಗೆ ಉಳಿದಿದ್ದರೆ, ಅಳತೆಯ ಕೊಳವೆಯಲ್ಲಿರುವ ಒಂದು ಈಡಿನ ಮದ್ದು ಮಾತ್ರ ಹೊತ್ತಿಕೊಳ್ಳಬೇಕೇ ಹೊರತು ಕೈಯಲ್ಲಿರುವ ಇಡೀ ಬುರುಡೆಯಲ್ಲ. ಗುಂಡು ಮದ್ದಿನ ಮೇಲೆ ಕೂರದೆ ನಡುದಾರಿಯಲ್ಲಿ ನಿಂತಿದ್ದರೆ, ನಳಿಗೆ ಅಲ್ಲಿ ಉಬ್ಬಬಹುದು, ಒಡೆಯಲೂಬಹುದು. ಗಜದ ಮೇಲೆ ಗೀರಿದ ಗುರುತು ಇರುವುದು ಇದಕ್ಕಾಗಿ. ಪಕ್ಕದವರ ಜೊತೆ ಮಾತಾಡುತ್ತ ತುಂಬಿದವನು ಮದ್ದನ್ನು ಎರಡು ಸಲ ಹಾಕಿದ್ದನ್ನೂ ಆ ಗುರುತೇ ಹಿಡಿದುಕೊಡುತ್ತದೆ. ಹೀಗಾಗಿ ತುಂಬುತ್ತಿರುವವರ ಜೊತೆ ಯಾರೂ ಮಾತಾಡುವುದಿಲ್ಲ ಎಂಬುದು ನಮ್ಮಲ್ಲಿ ಮರ್ಯಾದೆಯಾಗಿ ಬೆಳೆದುಬಂದಿದೆ. ಕೇಪು ಸಿಡಿದು ಕೋವಿ ಸಿಡಿಯದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದುಕೊಂಡು ಪೂರ್ತಿ ಒಂದು ನಿಮಿಷ ಕಾಯಬೇಕು, ಒಳಗೆ ಮದ್ದು ಮಂದವಾಗಿ ಹೊಗೆಯಾಡುತ್ತಿರಬಹುದು. ಕರಿಮದ್ದಿನ ಕೋವಿಗೆ ಹೊಗೆರಹಿತ ಮದ್ದನ್ನು, ಎಷ್ಟೇ ಕಡಿಮೆಯಾಗಲಿ, ಎಂದಿಗೂ ಹಾಕಕೂಡದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಅದನ್ನು ಸಿದ್ಧಪಡಿಸಿದ ಮೇಲೆ ಕೋವಿಗಳ ಉಕ್ಕನ್ನೇ ಹೊಸದಾಗಿ ಯೋಚಿಸಬೇಕಾಯಿತೆಂದರೆ ಅದರ ಶಕ್ತಿಯನ್ನು ಊಹಿಸಬಹುದು. ಇನ್ನು ಕಿವಿ: 140 ಡೆಸಿಬೆಲ್ ಮೀರಿದ ಸಿಡಿತದ ಸದ್ದು ಒಂದೇ ಸಲಕ್ಕೆ ಶಾಶ್ವತ ಹಾನಿ ಮಾಡಬಲ್ಲದು, ಬಹುತೇಕ ಕೋವಿಗಳ ಸದ್ದು ಅದಕ್ಕಿಂತ ಹೆಚ್ಚು. ಸೀಸವನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಬಾಯಿಗೆ ತರಬಾರದು. ಪರವಾನಗಿ, ಬೀಗ, ಲೆಕ್ಕ ಇವುಗಳ ಬಗ್ಗೆ ಆಯಾ ದೇಶದ ಕಾನೂನು ಏನು ಹೇಳುತ್ತದೆಯೋ ಅದನ್ನು ಅಕ್ಷರಶಃ ಪಾಲಿಸದವನಿಗೆ ಈ ಹವ್ಯಾಸದಲ್ಲಿ ಜಾಗವಿಲ್ಲ. ಇದರಲ್ಲಿ ಎರಡನೆಯ ಮಾತೇ ಇಲ್ಲ.

ನನ್ನ ಒಂದು ತಪ್ಪನ್ನೂ ಇಲ್ಲಿ ಹೇಳಿಕೊಳ್ಳಬೇಕು. ಆರಂಭದ ದಿನಗಳಲ್ಲಿ ನನ್ನ ಕೈಗೆ ಒಳ್ಳೆಯ ನಳಿಗೆಯ ಸೈನ್ಯದ ರೈಫಲ್ ಒಂದು ಬಂದಿತ್ತು. ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಸುರುಳಿಗೀರುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಹಳೆಯ ದಾಸ್ತಾನಿನ ತೋಟಾಗಳನ್ನು ಒಂದು ಬೆಳಗ್ಗೆಯೆಲ್ಲ ಹೊಡೆದು, ಸಂಜೆ ಬಟ್ಟೆಗೆ ಎಣ್ಣೆ ಹಚ್ಚಿ ನಾಲ್ಕು ಸಲ ಒಳಗೆ ಆಡಿಸಿ, ಚೊಕ್ಕವಾಯಿತೆಂದು ಬೀರುವಿನಲ್ಲಿಟ್ಟೆ. ಹತ್ತು ದಿನ ಬಿಟ್ಟು ತೆಗೆದಾಗ ಮೊದಲ ಬಟ್ಟೆಯ ಚೂರು ಇಟ್ಟಿಗೆ ಪುಡಿಯಲ್ಲಿ ಅದ್ದಿದಂತೆ ಹೊರಬಂತು. ಅಂಥ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ, ಅದು ಸಿಡಿದಾಗ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಾಗಿ ನಳಿಗೆಯಲ್ಲಿ ಉಳಿಯುತ್ತದೆ, ಅದು ಅಡುಗೆಯ ಉಪ್ಪಿನಂತೆಯೇ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ನಾನು ಮಾಡಿದ್ದು ಉಪ್ಪಿನ ಮೇಲೆ ಎಣ್ಣೆ ಸವರಿ ಮುಚ್ಚಿಟ್ಟದ್ದು. ಉಕ್ಕಿಗೆ ನೀರು ತಾಗಬಾರದೆಂಬ ನನ್ನ ಅರೆಬರೆ ತಿಳುವಳಿಕೆಯೇ ಆ ನಳಿಗೆಯನ್ನು ಕೆಡಿಸಿತು. ಅಂದೇ ಒಂದು ಲೋಟ ಬಿಸಿನೀರು ಹೊಯ್ದು, ಒರೆಸಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿದ್ದರೆ ಸಾಕಿತ್ತು. ಕರಿಮದ್ದಿನ ಕೋವಿಗೂ ಇದೇ ಮಾತು: ಆ ಮದ್ದು ಸುಟ್ಟಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಘನವಾದ ಕಿಟ್ಟವಾಗಿಯೇ ಉಳಿಯುವುದರಿಂದ, ಅದೇ ದಿನ ನೀರಿನಿಂದ ತೊಳೆಯದೆ ಗತ್ಯಂತರವಿಲ್ಲ. ಆ ರೈಫಲ್ಲಿನ ನಳಿಗೆಯ ಕೊನೆಯ ಗೇಣಿನಲ್ಲಿ ಸಿಡುಬಿನ ಕಲೆಯಂಥ ಗುಳಿಗಳು ಇಂದಿಗೂ ಇವೆ. ಎರಡು ಯುದ್ಧಗಳನ್ನು ದಾಟಿ ಹೊಳಪು ಉಳಿಸಿಕೊಂಡು ಬಂದ ನಳಿಗೆಯನ್ನು ನಾನು ಹತ್ತು ದಿನಗಳಲ್ಲಿ ಹಾಳು ಮಾಡಿದೆ ಎಂಬುದು ನನ್ನನ್ನು ಬಿಟ್ಟುಹೋಗಿಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಬಿಸಿನೀರು ಹೊಯ್ಯಬೇಕೆಂಬುದನ್ನು ನನಗೆ ಕಲಿಸಿದ್ದು ಗಾಜಿನ ಪೆಟ್ಟಿಗೆಯಲ್ಲ. ರೇಂಜಿನಲ್ಲಿ ಪಕ್ಕದ ಸಾಲಿನಲ್ಲಿ ನಿಲ್ಲುತ್ತಿದ್ದ ಹಿರಿಯರೊಬ್ಬರು. ಹಿಡಿಯ ಮರವನ್ನು ಉಪ್ಪುಕಾಗದದಿಂದ ಉಜ್ಜಿ ಹೊಸದು ಮಾಡಬೇಡ, ಕಾರ್ಖಾನೆಯ ಮುದ್ರೆಗಳೂ ನೂರು ವರ್ಷದ ಕೈಬೆವರೂ ಅದರ ಜೊತೆಗೇ ಹೋಗುತ್ತವೆ, ಬೇಯಿಸಿದ ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ತೆಳ್ಳಗೆ ತಿಕ್ಕಿದರೆ ಸಾಕು ಎಂದದ್ದೂ ಅವರೇ. ಗಜವನ್ನು ಬಾಯಿಯ ಕಡೆಯಿಂದ ಅಡ್ಡಾದಿಡ್ಡಿ ಆಡಿಸಿದರೆ ನಳಿಗೆಯ ತುಟಿ ಸವೆದು ಗುಂಡುಗಳು ಚೆದುರುತ್ತವೆ ಎಂಬುದನ್ನು ಅವರು ತಮ್ಮದೇ ಕೋವಿಯ ಸವೆದ ತುಟಿಗೆ ಒಂದು ತೋಟಾವನ್ನು ತಲೆಕೆಳಗಾಗಿ ಇಳಿಬಿಟ್ಟು ತೋರಿಸಿದ್ದರು. ಗುಂಡು ಒಳಗೆ ಎಷ್ಟು ಇಳಿಯಿತು ಎಂಬುದರಲ್ಲೇ ಸವೆತ ಕಾಣುತ್ತಿತ್ತು. ಇವೆಲ್ಲ ಕೈಯಿಂದ ಕೈಗೆ ದಾಟುವ ವಿದ್ಯೆಗಳು. ಕೋವಿಗಳೆಲ್ಲ ಬೆಸುಗೆಯಾದರೆ ಇವುಗಳನ್ನು ಕೇಳುವವರೂ ಇರುವುದಿಲ್ಲ, ಹೇಳುವವರೂ ಇರುವುದಿಲ್ಲ. ಬೆಸುಗೆ ಹಾಕಿದ ಕೋವಿಯ ಬಿಲ್ಲನ್ನು ಎಳೆದರೆ, ಸೈನ್ಯದ ರೈಫಲ್ಲುಗಳಲ್ಲಿ ಮೊದಲ ಸಡಿಲು ಮುಗಿದು ಬೆರಳು ಎರಡನೆಯ ಬಿಗಿಗೆ ಬಂದು ನಿಲ್ಲುವ ಆ ಜಾಗ ಸಿಗುವುದಿಲ್ಲ. ಅದನ್ನು ರೂಪಿಸಿದ ಕುಶಲಕರ್ಮಿಯ ಯೋಚನೆ ಇರುವುದು ಆ ಜಾಗದಲ್ಲಿ. ಅಪರೂಪದ ಏಕೈಕ ಮಾದರಿಗಳು ವಸ್ತುಸಂಗ್ರಹಾಲಯಗಳಲ್ಲಿ ಮುಟ್ಟದೆ ಉಳಿಯಲಿ, ಆದರೆ ಲಕ್ಷಗಟ್ಟಲೆ ತಯಾರಾದ, ಪರೀಕ್ಷೆಯಲ್ಲಿ ಗಟ್ಟಿಯೆಂದು ತಿಳಿದುಬಂದ ಕೋವಿಗಳಿಗೆ ಅದೇ ಗತಿ ಬೇಕಿಲ್ಲ.

ಆದ್ದರಿಂದ ನನ್ನ ವಿನಂತಿ ಚಿಕ್ಕದು. ಅಜ್ಜನ ಕಾಲದ ಕೋವಿಯೊಂದು ಕಾನೂನಿನ ಪ್ರಕಾರ ತಮ್ಮ ಸುಪರ್ದಿನಲ್ಲಿದ್ದು, ಅದನ್ನು ಏನು ಮಾಡುವುದೆಂದು ತೋಚದಿರುವ ಓದುಗರು, ಬೆಸುಗೆ ಹಾಕಿಸುವ ಮುನ್ನ ಒಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಲಿ; ಅದರ ಮೇಲಿನ ಮುದ್ರೆ, ಕ್ರಮಸಂಖ್ಯೆ, ಅಳತೆಗಳನ್ನು ಬರೆದಿಟ್ಟುಕೊಳ್ಳಲಿ; ಚಿತ್ರ ತೆಗೆದಿಡಲಿ. ಸಿಡಿಸಲು ಯೋಗ್ಯವಲ್ಲ ಎಂದು ತೀರ್ಮಾನವಾದರೆ ಬೆಸುಗೆಗೆ ನನ್ನ ತಕರಾರಿಲ್ಲ. ಯೋಗ್ಯವೆಂದಾದರೆ, ಅದನ್ನು ಅಕ್ಕರೆಯಿಂದ ನೋಡಿಕೊಳ್ಳುವ ಪರವಾನಗಿದಾರ ಹವ್ಯಾಸಿಯೊಬ್ಬನ ಕೈಗೆ ಕಾನೂನುಬದ್ಧವಾಗಿ ದಾಟಿಸುವ ದಾರಿಯನ್ನಾದರೂ ಯೋಚಿಸಲಿ. ಆ ಪತ್ರ ಬರೆದ ಓದುಗರಿಗೂ ಒಂದು ಮಾತು: ಯಾವುದಾದರೂ ಬೆಳಗ್ಗೆ ತಾವು ರೇಂಜಿಗೆ ಬಂದು, ಗೆರೆಯ ಹಿಂದೆ ನಿಂತು, ನಾವು 13 ಈಡುಗಳನ್ನು ಹೊಡೆದು ಮುಗಿಸುವುದನ್ನು ನೋಡಬೇಕೆಂದು ಕೋರುತ್ತೇನೆ. ಕಿವಿಗೆ ಹಾಕಿಕೊಳ್ಳುವ ಇನ್ನೊಂದು ಜೊತೆ ಮುಚ್ಚಳ ನನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತದೆ.

ಇಂತಿ,
ತಮ್ಮ ಪತ್ರಿಕೆಯ ಬಹುಕಾಲದ ಓದುಗ